ಹಿಂದಕ್ಕೆ ತಿರುಗಿದ ಕಾರು

"ಅಜ್ಜೀ, ಯಾಕೆ ಹಿಂದಕ್ಕೆ ತಿರುಗಿಸ್ದೆ? ಇದು ರೇಸು!" ಎಂದು ಮಗಳು ಕಿರುಚಿದಳು. ದೇವನಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು, ನನ್ನ ಅತ್ತೆ ಮೊದಲ ಸಲ ಅವಳ ವಿಡಿಯೊ ಗೇಮ್ ಕೈಗೆತ್ತಿಕೊಂಡಿದ್ದರು. ಅಂಗೈಯಗಲದ ಪರದೆಯಲ್ಲಿ ಇವರ ಕಾರು ತಗುಲಿ ಇನ್ನೊಂದು ಪುಟಾಣಿ ಕಾರು ಪಲ್ಟಿ ಹೊಡೆದಿತ್ತು. ಅತ್ತೆ ಅದರ ಬಳಿಗೇ ಹೊರಟಿದ್ದರು.

"ಬಿದ್ದೋರ್ನ ಬಿಟ್ಟು ಹೋಗಕ್ಕಾಗ್ತದೇನವ್ವ? ಏರ್‌ಪೋರ್ಟ್ ರೋಡಲ್ಲಿ ನಿಮ್ ತಾತ ಸ್ಕೂಟರಿಂದ ಬಿದ್ದಾಗ, ಯಾರೋ ಪುಣ್ಯಾತ್ಮ ಪ್ಲೇನ್ ತಪ್ಪೋದ್ರೆ ಹೋಗ್ಲಿ ಅಂತ ಕಾರು ತಿರುಗಿಸ್ಕೊಂಡು ಬರ್ಲಿಲ್ವಾ?"



ಉಳಿದ ಕಾರುಗಳೆಲ್ಲ ಗುರಿ ಮುಟ್ಟಿದವು, ಅತ್ತೆ ಕೊನೆಯವರಾದರು. ಪಕ್ಕದಲ್ಲಿ ಊರುಗೋಲು ಹಿಡಿದು ಕೂತಿದ್ದ ಮಾವ ಅದನ್ನು ಗೋಡೆಗೊರಗಿಸಿ ಚಪ್ಪಾಳೆ ತಟ್ಟಿದರು.