ಬಾಗಿಲಿಗೆ ಅಂಟಿಸಿದ ಸಮನ್ಸು

ಮೊನ್ನೆ ನಮ್ಮ ಬೀದಿಯ ಕೊನೆಯ ಗೋಡೆಗೆ ಯಾರೋ ಪೋಸ್ಟರ್ ಮೆತ್ತುತ್ತಿದ್ದರು. ಬಕೆಟ್ಟಿನಲ್ಲಿ ಮೈದಾ ಕಾಸಿದ ಅಂಟು. ಆ ಹುಳಿ ಹಿಡಿದ ವಾಸನೆ ಮೂಗಿಗೆ ಬಡಿದದ್ದೇ ತಡ, ತರಕಾರಿ ಚೀಲ ಕೆಳಗಿಟ್ಟು ನಿಂತುಬಿಟ್ಟೆ. ಅದು ಅಮೀನರ ಡಬ್ಬಿಯ ವಾಸನೆ.

ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ತಾಲೂಕು ಕೋರ್ಟಿನ ಎದುರು, ಹೊಂಗೆ ಮರದ ಕೆಳಗೆ, ಬಾಡಿಗೆಯ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದೆ. ಹೆಂಗಸೊಬ್ಬಳು ಬೀದಿಯಲ್ಲಿ ಕೂತು ಟೈಪ್ ಹೊಡೆಯುವುದನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು. ಅಮೀನರದು ಕೋರ್ಟಿನ ಸಮನ್ಸು ಜಾರಿ ಮಾಡುವ ಕೆಲಸ. ಸೈಕಲ್ಲಿನಲ್ಲಿ ಮಧುರೆ, ಸಾಸಲು ಕಡೆಯ ಹಳ್ಳಿಗಳನ್ನೆಲ್ಲ ಸುತ್ತುತ್ತಿದ್ದರು. ಆಸಾಮಿ ಸಿಗದಿದ್ದರೆ ಸಮನ್ಸನ್ನು ಬಾಗಿಲಿಗೆ ಅಂಟಿಸಿ, ಹಾಗೆಂದು ವರದಿ ಬರೆಯಬೇಕು. ಅದಕ್ಕೇ ಆ ಡಬ್ಬಿ. ಹುಳ ಬೀಳದಿರಲೆಂದು ಅಂಟಿಗೆ ಚಿಟಿಕೆ ಮೈಲುತುತ್ತದ ನೀಲಿ ಪುಡಿ ಹಾಕುತ್ತಿದ್ದರು. ಬೆರಳ ತುದಿ ಸದಾ ನೀಲಿ… ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

ಒಮ್ಮೆ ಸಾಸಲಿನ ಆಚೆಯ ಹಳ್ಳಿಯ ಮನೆಯೊಂದಕ್ಕೆ ಸಮನ್ಸು ಹಿಡಿದು ಹೋದರು. ಆ ಮನೆಯ ಯಜಮಾನ ಹೊಡೆದಾಟದ ಕೇಸಿನಲ್ಲಿ ಶಿಕ್ಷೆಯಾಗಿ ಜೈಲಿನಲ್ಲಿದ್ದ. ಅದೇ ಸಮಯ ನೋಡಿ ಅವನ ದಾಯಾದಿ, ಆ ಮನೆ ತನ್ನದೆಂದು ದಾವಾ ಹೂಡಿದ್ದ. ಪ್ರತಿವಾದಿ ಜೈಲಿನಲ್ಲಿದ್ದರೆ ಸಮನ್ಸು ಜೈಲಿನ ಅಧಿಕಾರಿಗೆ ಹೋಗಬೇಕು, ಅವರ ಮೂಲಕ ಕೈದಿಗೆ. ಅಮೀನರಿಗೆ ಇದು ತಿಳಿಯದ್ದೇನಲ್ಲ. ಆದರೆ ಆತನ ಹೆಂಡತಿ ಬಾಗಿಲಲ್ಲೇ ಕೈ ಮುಗಿದು ನಿಂತಳಂತೆ.

“ಜೈಲು ಅಂತ ಮಾತ್ರ ಬರೀಬ್ಯಾಡಿ ಸ್ವಾಮಿ. ಮಗಳಿಗೆ ಗಂಡು ಗೊತ್ತಾಗೈತೆ. ನಮ್ಮನೆಯವ್ರು ದೂರದ ಕೆಲಸಕ್ಕೋಗವ್ರೆ, ಬಂದ್ಮ್ಯಾಲೆ ಲಗ್ನ ಅಂತ ಬೀಗರಿಗೆ ಹೇಳಿವ್ನಿ.”

ಅಮೀನರಿಗೂ ಹೆಣ್ಣುಮಕ್ಕಳಿದ್ದರು. ‘ಆಸಾಮಿ ಊರಲ್ಲಿಲ್ಲ, ಬಾಗಿಲಿಗೆ ಅಂಟಿಸಿದೆ’ ಎಂದು ಬರೆದು ಬಂದರು. ಅವರು ಸೈಕಲ್ ಹತ್ತಿದ ಮೇಲೆ, ಬೀಗರ ಕಣ್ಣಿಗೆ ಬಿದ್ದೀತೆಂದು ಆಕೆ ಆ ಕಾಗದವನ್ನು ಕಿತ್ತು ಒಲೆಗೆ ಹಾಕಿದಳು. ವಾಯಿದೆಯ ದಿನ ಆ ಕಡೆಯಿಂದ ಯಾರೂ ಕೋರ್ಟಿಗೆ ಬರಲಿಲ್ಲ. ದಾಯಾದಿಗೆ ಏಕಪಕ್ಷೀಯ ಡಿಕ್ರಿ ಆಯಿತು.

ಮನೆ ಖಾಲಿ ಮಾಡಿಸುವ ವಾರಂಟು ತಮ್ಮ ಕೈಗೇ ಬಂದಾಗ ಅಮೀನರಿಗೆ ತಾವು ಮಾಡಿದ್ದೇನೆಂದು ಅರ್ಥವಾಯಿತು. ಅದನ್ನು ಜೇಬಿನಲ್ಲಿಟ್ಟುಕೊಂಡೇ ಆಕೆಯನ್ನು ವಕೀಲರೊಬ್ಬರ ಹತ್ತಿರ ಕರೆದುಕೊಂಡು ಹೋದರು. ಸಮನ್ಸು ಸರಿಯಾಗಿ ಜಾರಿಯಾಗಲಿಲ್ಲವೆಂದು ಅಮೀನರೇ ಪ್ರಮಾಣ ಮಾಡಿ ಹೇಳಿದರೆ ಡಿಕ್ರಿ ರದ್ದಾದೀತು, ಇಲ್ಲದಿದ್ದರೆ ಮನೆಯ ಆಸೆ ಬಿಡಿ ಎಂದರಂತೆ ವಕೀಲರು. ಅಮೀನರು ಅಲ್ಲಿಂದ ನೇರ ನನ್ನ ಮರದ ಕೆಳಗೆ ಬಂದರು.

“ಒಂದು ಅಫಿಡವಿಟ್ ಹೊಡಿಯಮ್ಮ.”

ಕೇಳುತ್ತಾ ಕೇಳುತ್ತಾ ನನಗೆ ರೇಗಿಹೋಯಿತು. ಅವರ ಪಿಂಚಣಿಗೆ ಎರಡೇ ವರ್ಷ ಬಾಕಿ. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಸಿಂಗಾರ ಮಾಡಬೇಡ ಅಂತ ಹಿರಿಯರು ಸುಮ್ಮನೆ ಹೇಳಿದರೇ? ನಾನೇ ಜಾಣತನ ಮಾಡಿ ‘ಕಣ್ತಪ್ಪಿನಿಂದ ಹಾಗೆ ವರದಿ ಬರೆದೆ’ ಎಂದು ಹೊಡೆದೆ. ಅವರು ಕನ್ನಡಕ ಹಾಕಿಕೊಂಡು ಓದಿ, ಆ ಪದದ ಮೇಲೆ ನೀಲಿ ಬೆರಳಿಟ್ಟರು.

“ಕಣ್ತಪ್ಪಲ್ಲ ಕಣಮ್ಮ. ಗೊತ್ತಿದ್ದೂ ಬರೆದೆ. ಹಂಗೇ ಹೊಡಿ.”

“ಕೆಲಸ ಹೋಗುತ್ತೆ, ಅಮೀನ್ರೇ.”

“ಅವ್ರ ಮನೆ ಹೋಗ್ತಾ ಐತಲ್ಲ.”

ಇನ್ನೊಂದು ಹಾಳೆ ಸಿಕ್ಕಿಸಿದೆ.

ಡಿಕ್ರಿ ರದ್ದಾಗಿ ದಾವೆ ಮೊದಲಿನಿಂದ ನಡೆಯಿತು. ಸಾಕ್ಷಿ ಹೇಳಲು ಯಜಮಾನನನ್ನು ಜೈಲಿನಿಂದ ಇಬ್ಬರು ಪೊಲೀಸರ ನಡುವೆ ಕರೆತಂದರು. ಊರವರೆಲ್ಲ ನೋಡಿದರು, ಗಂಡಿನ ಕಡೆಯವರೂ ನೋಡಿದರು. ಮನೆ ಉಳಿಯಿತು, ಮದುವೆ ಮುರಿಯಿತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರಲ್ಲ, ಹಾಗೆ. ಆ ಹೆಂಗಸು ಅಮೀನರಿಗೆ ಕೈ ಮುಗಿದಳೋ, ಮುಖ ತಿರುಗಿಸಿದಳೋ… ಎರಡನ್ನೂ ಮಾಡಿದ ಹಾಗೆ ನೆನಪು.

ಸುಳ್ಳು ವರದಿಗಾಗಿ ಅಮೀನರು ಸಸ್ಪೆಂಡ್ ಆದರು. ವಿಚಾರಣೆ ಎಳೆಯಿತು, ಎಳೆಯುತ್ತಲೇ ಇತ್ತು. ದಿನಾ ಬಂದು ನನ್ನ ಬೆಂಚಿನ ಮೇಲೆ ಕೂರುತ್ತಿದ್ದರು. ಅರ್ಜಿ ಹೊಡೆದೆ, ಜ್ಞಾಪನೆಯ ಅರ್ಜಿ ಹೊಡೆದೆ, ಅದಕ್ಕೊಂದು ಜ್ಞಾಪನೆ… ಉತ್ತರವೇ ಇಲ್ಲ. ನನಗೂ ಸಾಕಾಗಿತ್ತು. ಕೊನೆಕೊನೆಗೆ ಅವರ ಸೈಕಲ್ಲು ಕಂಡರೆ, ತುಂಬ ಕೆಲಸವಿರುವವಳ ಹಾಗೆ ತಲೆ ತಗ್ಗಿಸಿ ಟೈಪ್ ಹೊಡೆಯುತ್ತಿದ್ದೆ. ಅವರು ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿದ್ದರು. ಒಂದು ದಿನ ಬರಲಿಲ್ಲ. ಮಾರನೆಯ ದಿನ ಸುದ್ದಿ ಬಂತು.

ನಾಲ್ಕು ತಿಂಗಳಾದ ಮೇಲೆ ಹೊಸ ಅಮೀನ ನನ್ನ ಬಳಿ ಬಂದ. ಕೈಯಲ್ಲಿ ಹಳೆಯ ಅಮೀನರ ಹೆಸರಿಗೆ ಬಂದ ಆದೇಶ. ಎಚ್ಚರಿಕೆ ಕೊಟ್ಟು ವಿಚಾರಣೆ ಮುಗಿಸಲಾಗಿದೆ, ಕೆಲಸಕ್ಕೆ ಹಾಜರಾಗಬಹುದು ಎಂದು ಬರೆದಿತ್ತು. ಅವರ ಹೆಂಡತಿ ಮಗಳ ಊರಿಗೆ ಹೋಗಿಬಿಟ್ಟಿದ್ದರು.

“ಬೀಗ ಹಾಕೈತಕ್ಕ. ಬಾಗಿಲಿಗೆ ಅಂಟಿಸಿ, ಊರಲ್ಲಿಲ್ಲ ಅಂತ ಬರೆದ್ಬಿಡ್ಲಾ?”

“ಬೇಡ. ಸತ್ತಿದ್ದಾರೆ ಅಂತ ಬರಿ,” ಎಂದೆ.

ಪೋಸ್ಟರಿನವನು ಬ್ರಷ್ಷು ಹಿಡಿದುಕೊಂಡೇ ನನ್ನತ್ತ ತಿರುಗಿದ. “ಯಾಕಮ್ಮ, ಕಣ್ಣಲ್ಲಿ ನೀರು?”

ಧೂಳು ಬಿತ್ತಪ್ಪ ಎಂದು ಚೀಲ ಎತ್ತಿಕೊಂಡೆ. ಅಮೀನರು ಇದ್ದಿದ್ದರೆ ಆ ಮಾತಿನ ಮೇಲೆ ಬೆರಳಿಟ್ಟು, ಇನ್ನೊಮ್ಮೆ ಹೊಡೆಸುತ್ತಿದ್ದರು.