ಅಜ್ಜಿ ಇಟ್ಟುಕೊಂಡ ಸೂತಕ

ಎರಡನೆಯ ಮಹಾಯುದ್ಧ ಶುರುವಾದ ವರ್ಷ ನಮ್ಮೂರ ಪಕ್ಕದ ಪಾಲಮಲೆ ಬೆಟ್ಟದ ಮೇಲೆ ಬ್ರಿಟಿಷರ ಒಂದು ಬಾಂಬರ್ ವಿಮಾನ ಬಿದ್ದು ಉರಿಯಿತು. ಒಳಗಿದ್ದವರು ಯಾರೂ ಉಳಿಯಲಿಲ್ಲ. ಸಿಪಾಯಿಗಳು ಬಂದು ಹೆಣಗಳನ್ನು ಸೇಲಂಗೆ ಸಾಗಿಸಿದರು. ನಾನು ಕಾಲೇಜಿನ ರಜೆಗೆ ಊರಿಗೆ ಬಂದಿದ್ದೆ. ಮೂರನೆಯ ದಿನ, ಸತ್ತವರ ಮನೆಯವರು ಮಾಡುವಂತೆ, ಅಜ್ಜಿ ಹಾಲು ತುಪ್ಪ ತೆಗೆದುಕೊಂಡು ಆ ಸುಟ್ಟ ನೆಲಕ್ಕೆ ಹೊರಟಳು.

"ಹಾಲು ಬುಟ್ರೆ ಸೂತಕ ನಿಂಗೇ ಬತ್ತದೆ ಅವ್ವಾ. ಅವ್ರೇನು ನಮ್ಗೆ ನೆಂಟ್ರಾ?" ಎಂದರು ಅಪ್ಪ.

"ಅವ್ರ ಅವ್ವಂದ್ರಿಗೆ ಇನ್ನೂ ಸುದ್ದಿ ಓಗಿರಾಕಿಲ್ಲ ಕಣ್ಲಾ. ಓಗೋಗಂಟ ಸೂತಕ ನಾನ್ ಇಟ್ಕೊಂಡಿರ್ತೀನಿ."

ಮನೆಯಲ್ಲಿ ದಿನಾ ದೇವರ ದೀಪ ಹಚ್ಚುತ್ತಿದ್ದವಳು ಅಜ್ಜಿ. ಸೂತಕದವರು ಆ ದೀಪ ಮುಟ್ಟುವುದಿಲ್ಲ. ನಮ್ಮಲ್ಲಿ ಹನ್ನೊಂದನೆಯ ದಿನಕ್ಕೆ ಸೂತಕ ಕಳೆಯುತ್ತದೆ. ಆ ದಿನ ಅಜ್ಜಿ, ಸುದ್ದಿ ಮುಟ್ಟಿತಾ ಎಂದು ಪೇಪರ್ ಓದುವ ನನ್ನನ್ನು ಕೇಳಿದಳು. ಗೊತ್ತಿಲ್ಲವೆಂದೆ. ಮರುವರ್ಷ ಅವಳು ತೀರಿಕೊಳ್ಳುವವರೆಗೂ ದೇವರ ದೀಪವನ್ನು ಅಮ್ಮನೇ ಹಚ್ಚಿದಳು.