ಎರಡನೆಯ ಕೂಗು

ಯಶವಂತನಗರದ ಗುಡ್ಡದಲ್ಲಿ ಕೆಂಧೂಳು ಏಳುವ ಮೊದಲೇ ಎರ್ರಿಯಪ್ಪ ಗಣಿಯ ಧ್ವನಿವರ್ಧಕಗಳನ್ನು ಎಬ್ಬಿಸುತ್ತಾರೆ. "ಹಲೋ, ಪರೀಕ್ಷೆ" ಎಂಬ ಅವರ ದನಿ ಕಣಿವೆಯುದ್ದಕ್ಕೂ ಮೊಳಗುತ್ತದೆ. ಬಳಿಕ ಚಹಾ ಕುಡಿಯುತ್ತಾರೆ, ಬೇಕೆಂದೇ ನಿಧಾನವಾಗಿ. ಲೋಟ ಬರಿದಾದ ಮೇಲೆ ಮತ್ತೊಮ್ಮೆ ಕೂಗುತ್ತಾರೆ.

ಕೆಳಗಿನ ಶೆಡ್ಡಿನ ಮುಂದೆ ಅದಿರು ಆರಿಸುವ ಕೊಟ್ರಮ್ಮ ಕೋಲೂರಿ ನಿಂತು ಕೈಯೆತ್ತುತ್ತಾರೆ. "ಕೇಳಿತಪ್ಪೋ! ನಿನ್ನ ದನಿಗಿಂತ ಕಾಗಿ ದನಿ ಚಲೋ ಐತಿ, ಆದ್ರೂ ಕೇಳಿತು!"

ಪಾಪಿನಾಯಕನಹಳ್ಳಿಯ ಎರ್ರಿಯಪ್ಪ ಇಲ್ಲಿ ಗುತ್ತಿಗೆಯ ನೆಟ್‌ವರ್ಕ್ ನೌಕರರು. ಬಂಡೆ ಸಿಡಿಸುವ ಮುನ್ನ ಎಚ್ಚರಿಕೆ ಪ್ರತಿ ಶೆಡ್ಡಿಗೂ ತಲುಪಬೇಕು. ಅದು ಅವರ ಹೊಣೆ. ಕಚೇರಿಯಿಂದ ಹೊರಡುವುದು ಒಂದೇ ದನಿ. ನಡುದಾರಿಯ ಸ್ವಿಚ್ಚುಗಳು, ಅಂದರೆ ತಂತಿಗಳನ್ನು ಬೆಸೆಯುವ ಪೆಟ್ಟಿಗೆಗಳು, ಅದನ್ನು ಕಂಡ ಕಂಡ ತಂತಿಗೆಲ್ಲ ಸುರಿಯುವುದಿಲ್ಲ. ಬೇಕೆಂದು ಹೇಳಿಕೊಂಡ ಧ್ವನಿವರ್ಧಕಗಳ, ಅಂದರೆ ಹಾರ್ನುಗಳ, ಕಡೆಗಷ್ಟೇ ಹರಿಸುತ್ತವೆ.

"ಒಂದು ಸ್ವಿಚ್ಚು ಆಗಾಗ ಕೇಳ್ತಿರ್ತೈತ್ರಿ, ಯಾರ್‍ಯಾರಿಗೆ ಬೇಕು ಅಂತ. ಹಾರ್ನುಗಳು ಹೂಂ ಅಂತಾವ. ಹೂಂ ಅಂದದ್ದನ್ನ ಉಳಿದ ಸ್ವಿಚ್ಚು ನೆನಪಿಟ್ಕೊಂತಾವ, ಸುಮ್ಮನಿದ್ದದ್ದನ್ನ ಕೈಬಿಡ್ತಾವ. ಕೇಳೋದೇ ನಿಂತ್ರ ಹೂಂ ಅನ್ನೋದೂ ನಿಂತ್ಹೋಗ್ತೈತಿ," ಎನ್ನುತ್ತಾರೆ ಎರ್ರಿಯಪ್ಪ.

ಹಾಗೆ ಕೇಳುತ್ತಿದ್ದುದು ಕಚೇರಿಯ ಮೂಲೆಯ ಹಳೆಯ ಸ್ವಿಚ್ಚುಪೆಟ್ಟಿಗೆ ಎಂಬುದು ಒಂದು ಕಾಲಕ್ಕೆ ಯಾರಿಗೂ ತಿಳಿದಿರಲಿಲ್ಲ, ಎರ್ರಿಯಪ್ಪನವರಿಗೂ. ಅದಕ್ಕೆ ಒಂದು ಹಾರ್ನೂ ಜೋಡಿಸಿರಲಿಲ್ಲ. ಒಂದು ವರ್ಷ ಆಯುಧಪೂಜೆಯ ದಿನ ಎಲ್ಲ ಸ್ವಿಚ್ಚುಗಳನ್ನೂ ಬಂದ್ ಮಾಡಿ, ಒರೆಸಿ, ಕುಂಕುಮವಿಟ್ಟರು. ಪೂಜೆಯ ಮಣೆಯ ಮೇಲೆ ಒಂದನ್ನಾದರೂ ಇಡಬೇಕಲ್ಲ? ಕೆಲಸವಿಲ್ಲದ್ದೆಂದು ಅದನ್ನೇ ಇಟ್ಟರು. ಪೂಜೆಗಿಟ್ಟ ಆಯುಧವನ್ನು ವಿಸರ್ಜನೆಯವರೆಗೆ ಮುಟ್ಟುವಂತಿಲ್ಲ.

ಮರುದಿನ ವಿಜಯದಶಮಿ. ಉಳಿದೆಲ್ಲಕ್ಕೂ ಮತ್ತೆ ವಿದ್ಯುತ್ ಕೊಟ್ಟೊಡನೆ ಹಾರ್ನುಗಳು ತಾವಾಗಿಯೇ ಬೇಕೆಂದವು. ಪರೀಕ್ಷೆಯ ಕೂಗು ಎಲ್ಲೆಡೆ ಮೊಳಗಿತು. ಎಲ್ಲರೂ ನಿಶ್ಚಿಂತರಾದರು. ಸ್ವಿಚ್ಚುಗಳ ದೀಪ ಹಸಿರಾಗಿಯೇ ಇತ್ತು, ಆದರೆ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಅವುಗಳ ನೆನಪು ಮಾಸಿತು. ಮತ್ತೆ ಕೇಳಬೇಕಾದದ್ದು ಮಣೆಯ ಮೇಲೆ ಚೆಂಡುಹೂವಿನಡಿ ಮೌನವಾಗಿತ್ತು. ವಿಸರ್ಜನೆಗೆ ಮುನ್ನವೇ ಶುಭಮುಹೂರ್ತದ ಮೊದಲ ಸಿಡಿತ. ಎಚ್ಚರಿಕೆ ಕೆಳಗಿನ ಶೆಡ್ಡನ್ನು ಮುಟ್ಟಲಿಲ್ಲ, ಕಲ್ಲು ಮುಟ್ಟಿತು. ಕೊಟ್ರಮ್ಮನ ಮೊಣಕಾಲು ಹೋಯಿತು. ಪೂಜಾವಿಧಿಯಲ್ಲಿ ಲೋಪವಿರಲಿಲ್ಲ, ಪೂಜೆಗೊಂಡದ್ದರ ಕಾಯಕವೇನೆಂದು ಯಾರೂ ವಿಚಾರಿಸಿರಲಿಲ್ಲ.

ಅಂದಿನಿಂದ ಈ ಎರಡನೆಯ ಕೂಗು. ಮೊದಲನೆಯದನ್ನು ಎರ್ರಿಯಪ್ಪ ನಂಬುವುದಿಲ್ಲ.

ಈಗ ಅದಕ್ಕೂ ಕುತ್ತು ಬಂದಿದೆ. ಮುಂದಿನ ತಿಂಗಳಿಂದ ಹೊಸಪೇಟೆಯ ಕಚೇರಿಯೇ ಪರದೆಯ ಮೇಲೆ ಎಲ್ಲವನ್ನೂ ನೋಡಿಕೊಳ್ಳಲಿದೆ. ಕೂಗು ಬೇಡ, ಎರ್ರಿಯಪ್ಪನೂ ಬೇಡ. ಸುದ್ದಿ ಕೇಳಿ ಕೊಟ್ರಮ್ಮ ನಗುತ್ತಾರೆ. "ಭಾಳ ಚಲೋ ಆತು ಬಿಡು. ಕಾಲು ಹೋದಾಕಿನ್ನ ಇಟ್ಕೊಂಡ್ರು, ದನಿ ಇದ್ದೋನ್ನ ಕಳಿಸಿದ್ರು!"

ಎರ್ರಿಯಪ್ಪ ನಗುವುದಿಲ್ಲ. ಕೆಲಸ ಹೋದರೆ ಹೋಗಲಿ, ಬೆಳಿಗ್ಗೆ ಎರಡನೆಯ ಸಲ ಯಾರಾದರೂ ಕೂಗಲಿ ಎಂಬುದಷ್ಟೇ ಅವರ ಕೋರಿಕೆ. ಬಂದ ಉತ್ತರ: ಪರದೆಯ ಮೇಲೆ ಪ್ರತಿ ಸ್ವಿಚ್ಚಿಗೂ ಹಸಿರು ದೀಪವಿರುತ್ತದೆ, ಚಿಂತೆ ಬೇಡ.

"ಇರ್ತೈತ್ರಿ," ಎನ್ನುತ್ತಾರೆ ಅವರು, ಬರಿದಾದ ಲೋಟವನ್ನು ಬೋರಲು ಹಾಕುತ್ತ. "ಆವತ್ತೂ ಹಸಿರೇ ಇತ್ತು."